ಮನೆಯ ಪರದೆಯ ಮೇಲೆ ಹಳೆಯ ಚಿತ್ರ

ಹಳೆಯ ಚಲನಚಿತ್ರವೊಂದನ್ನು ಮನೆಯಲ್ಲಿ ಕುಳಿತು ನೋಡುವವರು ನೋಡುತ್ತಿರುವುದು ಆ ಚಿತ್ರದ ಯಾವುದೋ ಒಂದು ಪ್ರತಿಯನ್ನು, ಮತ್ತು ಆ ಪ್ರತಿಗೆ ಚಿತ್ರದ ಚರಿತ್ರೆಯಿಂದ ಬೇರೆಯಾದ ತನ್ನದೇ ಒಂದು ಚರಿತ್ರೆ ಇರುತ್ತದೆ. 1960ರ ದಶಕದಲ್ಲಿ ಮದರಾಸಿನ ಸ್ಟುಡಿಯೋದಲ್ಲಿ 35 ಮಿಲಿಮೀಟರ್ ಫಿಲ್ಮಿನ ಮೇಲೆ ಮೂಡಿದ ಕನ್ನಡ ಚಿತ್ರ ಟಾಕೀಸು, ಟೆಂಟುಗಳಲ್ಲಿ ಓಡಿ ಸವೆದ ಬಳಿಕ ದೂರದರ್ಶನ ಪ್ರಸಾರಕ್ಕೆಂದು ಟೇಪಿಗೆ ಇಳಿದು, ಟೇಪಿನಿಂದ ತಟ್ಟೆಗೆ ಹೋಗಿ, ತಟ್ಟೆಯಿಂದ ಅಂತರಜಾಲಕ್ಕೆ ಏರಿ, ಕೊನೆಗೆ ಒಬ್ಬ ವೀಕ್ಷಕನ ಕೈಯಲ್ಲಿರುವ ಫೋನಿಗೆ ಬಂದಿರಬಹುದು. ಪ್ರತಿಯೊಂದು ಹಂತದಲ್ಲೂ ಏನಾದರೊಂದು ಕಳೆದುಹೋಗಿರುತ್ತದೆ, ಕೆಲವೊಮ್ಮೆ ಮೂಲದಲ್ಲಿ ಇಲ್ಲದ್ದು ಸೇರಿಕೊಂಡೂ ಇರುತ್ತದೆ. ಹಳಗನ್ನಡ ಕಾವ್ಯವನ್ನು ಓದುವ ವಿದ್ಯಾರ್ಥಿ ಯಾವ ಓಲೆಪ್ರತಿಯ ಆಧಾರದಲ್ಲಿ, ಯಾರು ಸಂಪಾದಿಸಿದ ಪಾಠವಿದು ಎಂದು ಕೇಳುವುದನ್ನು ಮೊದಲ ವರ್ಷದಲ್ಲೇ ಕಲಿಯುತ್ತಾನೆ. ಚಲನಚಿತ್ರವನ್ನು ನೋಡುವವರಿಗೆ ಈ ಪ್ರಶ್ನೆಯನ್ನು ಯಾರೂ ಕಲಿಸಿಲ್ಲ. ಹಳೆಯ ಚಿತ್ರಗಳ ಮತ್ತು ಹಳೆಯ ಟೆಲಿವಿಷನ್ ಕಾರ್ಯಕ್ರಮಗಳ ಆಸ್ವಾದನೆ ಮನೆಯೊಳಗೆ ಇಷ್ಟೊಂದು ಸುಲಭವಾಗಿರುವ ಕಾಲದಲ್ಲಿ ಪಾಠಾಂತರದ ಈ ಎಚ್ಚರವೂ ಆಸ್ವಾದನೆಯ ಒಂದು ಅಂಗವೇ ಆಗಬೇಕು ಎಂಬುದು ಈ ಉಪನ್ಯಾಸದ ಪ್ರತಿಪಾದನೆ.

ಮನೆಯೊಳಗಿನ ಈ ಸೌಲಭ್ಯದ ಇತ್ತೀಚಿನ ರೂಪವಾದ ಸ್ಟ್ರೀಮಿಂಗ್ ಎಂದರೆ ಚಿತ್ರದ ಕಡತವನ್ನು ಪೂರ್ತಿ ಇಳಿಸಿಕೊಳ್ಳದೆ, ಅದು ಹರಿದು ಬರುತ್ತಿರುವಂತೆಯೇ ನೋಡುವ ವ್ಯವಸ್ಥೆ. ತಿಂಗಳ ಅಥವಾ ವರ್ಷದ ಚಂದಾ ಕಟ್ಟಿ ಇಡೀ ಸಂಗ್ರಹವನ್ನು ನೋಡುವುದು, ಜಾಹೀರಾತುಗಳ ನಡುವೆ ಪುಕ್ಕಟೆಯಾಗಿ ನೋಡುವುದು, ಒಂದು ಚಿತ್ರಕ್ಕಷ್ಟೇ ಬಾಡಿಗೆ ತೆರುವುದು ಎಂದು ಅದರಲ್ಲಿ ಬಗೆಗಳುಂಟು. ಬಾಡಿಗೆಯ ಚಿತ್ರವನ್ನು ಸಾಮಾನ್ಯವಾಗಿ 30 ದಿನಗಳೊಳಗೆ ತೆರೆಯಬೇಕು, ತೆರೆದ ಮೇಲೆ 48 ಗಂಟೆಗಳಲ್ಲಿ ಮುಗಿಸಬೇಕು. ‘ಕೊಳ್ಳಿರಿ’ ಎಂಬ ಗುಂಡಿಯನ್ನು ಒತ್ತಿ ಪೂರ್ತಿ ಬೆಲೆ ಕೊಟ್ಟರೂ ಕೈಗೆ ಬರುವುದು ನೋಡುವ ಪರವಾನಗಿಯೇ ಹೊರತು ವಸ್ತುವಲ್ಲ.

ಮನೆಗೆ ಬರುವ ಪ್ರತಿಗಳ ಮಾತಿಗೆ ಮುನ್ನ ಬರಲಾಗದ ಚಿತ್ರಗಳ ಮಾತು ಬರಬೇಕು. 1934ರ ಮಾರ್ಚ್ 3ರಂದು ತೆರೆಕಂಡ, ವೈ.ವಿ. ರಾವ್ ನಿರ್ದೇಶನದ ‘ಸತಿ ಸುಲೋಚನ’ ಕನ್ನಡದ ಮೊದಲ ಮಾತಿನ ಚಿತ್ರ. ಕೊಲ್ಹಾಪುರದ ಸ್ಟುಡಿಯೋದಲ್ಲಿ ತಯಾರಾಗಿ ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿನಲ್ಲಿ ಓಡಿದ ಆ ಚಿತ್ರದ ಪ್ರತಿ ಉಳಿದಿಲ್ಲ. ಯಾವ ಚಂದಾ ಕಟ್ಟಿದರೂ ಯಾವ ಪರದೆಯ ಮೇಲೂ ಅದು ಬಾರದು. ಈ ಬಗೆಯ ನಷ್ಟಕ್ಕೆ ಕಾರಣಗಳು ಹಲವು. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮು ಬಲುಬೇಗ ಹೊತ್ತಿಕೊಳ್ಳುವ ಪದಾರ್ಥವಾಗಿದ್ದು, ಒಮ್ಮೆ ಉರಿ ಹತ್ತಿದರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಆವರಣದಲ್ಲಿ 2003ರ ಜನವರಿಯಲ್ಲಿ ಬಿದ್ದ ಬೆಂಕಿಯಲ್ಲಿ ದೇಶದ ಎಷ್ಟೋ ಅಪರೂಪದ ನೈಟ್ರೇಟ್ ರೀಲುಗಳು ಬೂದಿಯಾದವು. ನೈಟ್ರೇಟಿನ ಬದಲಿಗೆ ಬಂದ ಅಸಿಟೇಟ್ ಫಿಲ್ಮು ಸುಲಭವಾಗಿ ಉರಿಯದಿದ್ದರೂ ಸೆಕೆ ಮತ್ತು ತೇವಕ್ಕೆ ಕೊಳೆತು ಹುಳಿವಾಸನೆ ಬಿಡುತ್ತ ಸುರುಟಿಕೊಳ್ಳುತ್ತದೆ. ವಿನಿಗರ್ ಸಿಂಡ್ರೋಮ್ ಎನ್ನುವುದು ಇದಕ್ಕೇ. ಆದರೆ ಬೆಂಕಿ, ತೇವಗಳಿಗಿಂತ ಮನುಷ್ಯನ ಲೆಕ್ಕಾಚಾರವೇ ಹೆಚ್ಚು ಚಿತ್ರಗಳನ್ನು ನುಂಗಿರಬಹುದು. ಕಪ್ಪು–ಬಿಳುಪು ಫಿಲ್ಮಿನ ಲೇಪದಲ್ಲಿ ಬೆಳ್ಳಿ ಇರುತ್ತದೆ. ಓಟ ಮುಗಿಸಿದ ಪ್ರಿಂಟುಗಳನ್ನು ತೂಕಕ್ಕೆ ಮಾರಿ, ಬೆಳ್ಳಿಯನ್ನು ತೊಳೆದು ತೆಗೆದು, ಉಳಿದ ಸೆಲ್ಯುಲಾಯ್ಡಿನಿಂದ ಬಳೆ, ಕೈಚೀಲಗಳನ್ನು ಮಾಡುವ ಕಸುಬೇ ಈ ದೇಶದಲ್ಲಿ ನಡೆದಿತ್ತು. ನಿರ್ಮಾಪಕನ ಮಟ್ಟಿಗೆ ಅದು ತಪ್ಪು ಲೆಕ್ಕವೂ ಆಗಿರಲಿಲ್ಲ, ಯಾಕೆಂದರೆ ಓಡಿ ಮುಗಿದ ಚಿತ್ರಕ್ಕೆ ಮತ್ತೊಂದು ಮಾರುಕಟ್ಟೆ ಇರುತ್ತದೆಂದು ಆ ಕಾಲದಲ್ಲಿ ಊಹಿಸಲು ಆಧಾರವೇ ಇರಲಿಲ್ಲ.

ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪುಣೆಯಲ್ಲಿ ಸ್ಥಾಪನೆಯಾದದ್ದು 1964ರಲ್ಲಿ, ಅಂದರೆ ಭಾರತದ ಮಾತಿನ ಚಿತ್ರಕ್ಕೆ 33 ವರ್ಷ ತುಂಬಿದ ಮೇಲೆ. ಅಲ್ಲಿ ದಶಕಗಳ ಕಾಲ ದುಡಿದ ಪಿ.ಕೆ. ನಾಯರ್ ಊರೂರು ಅಲೆದು ಡಬ್ಬಗಳನ್ನು ಕೂಡಿಸದೇ ಹೋಗಿದ್ದರೆ ಇಂದು ಉಳಿದಿರುವುದೂ ಉಳಿಯುತ್ತಿರಲಿಲ್ಲ. 1954ರ ಪುಸ್ತಕ ಸಲ್ಲಿಕೆ ಕಾಯಿದೆಯಂತೆ ಪ್ರತಿಯೊಬ್ಬ ಪ್ರಕಾಶಕನೂ ಅಚ್ಚಾದ ಪುಸ್ತಕದ ಪ್ರತಿಯನ್ನು ರಾಷ್ಟ್ರೀಯ ಗ್ರಂಥಾಲಯಕ್ಕೆ ಒಪ್ಪಿಸಬೇಕು; ಚಲನಚಿತ್ರಕ್ಕೆ ಅಂಥ ಕಡ್ಡಾಯವನ್ನು ಆ ಕಾಯಿದೆ ವಿಧಿಸಲಿಲ್ಲ. ಸೆನ್ಸಾರಿಗೆ ತಪ್ಪದೆ ತೋರಿಸಬೇಕು, ಕಾಪಿಡಲು ಒಪ್ಪಿಸಬೇಕಾಗಿಲ್ಲ ಎಂಬ ಈ ಏರ್ಪಾಡು ಸರ್ಕಾರಕ್ಕೆ ಸಿನಿಮಾದಲ್ಲಿ ಮುಖ್ಯವಾಗಿ ಕಂಡದ್ದು ಯಾವುದು ಎಂಬುದನ್ನು ಚೆನ್ನಾಗಿಯೇ ಹೇಳುತ್ತದೆ.

ಇನ್ನು ಚಿತ್ರ ಮನೆಗೆ ಬಂದ ಬಗೆ. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾಯಿತು; ಮರುವರ್ಷ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶದಲ್ಲಿ ಬಣ್ಣದ ಪ್ರಸಾರ ಬಂತು. ಅದೇ ದಶಕದಲ್ಲಿ ವಿ.ಎಚ್.ಎಸ್. ಕ್ಯಾಸೆಟ್ಟಿನ ಅಂಗಡಿಗಳು ಪೇಟೆ ಪೇಟೆಗಳಲ್ಲಿ ತೆರೆದುಕೊಂಡವು. ಡಿಪಾಸಿಟ್ ಇಟ್ಟು ಸದಸ್ಯರಾಗಿ ದಿನಬಾಡಿಗೆಗೆ ಕ್ಯಾಸೆಟ್ಟು ಒಯ್ಯುವುದು, ಹಿಂದಿರುಗಿಸುವಾಗ ರಿವೈಂಡ್ ಮಾಡಿಯೇ ಕೊಡುವುದು ಪಟ್ಟಣದ ಪದ್ಧತಿಯಾದರೆ, ಹಬ್ಬ, ಮದುವೆ, ಗಣಪತಿ ಕೂರಿಸಿದ ದಿನಗಳಲ್ಲಿ ಬಣ್ಣದ ಟಿ.ವಿ.ಯನ್ನೂ ಕ್ಯಾಸೆಟ್ಟು ಓಡಿಸುವ ವಿ.ಸಿ.ಪಿ.ಯನ್ನೂ ಒಂದು ರಾತ್ರಿಗೆ ಬಾಡಿಗೆ ತಂದು ಬೆಳಗಿನವರೆಗೆ ಎರಡು ಮೂರು ಚಿತ್ರಗಳನ್ನು ನೋಡುವುದು ಹಳ್ಳಿಯ ಪದ್ಧತಿಯಾಗಿತ್ತು. ಹಳೆಯ ಚಿತ್ರವನ್ನು ನೋಡುವವರು ತಾವೇ ಆರಿಸಿಕೊಳ್ಳಬಹುದೆಂಬುದು ಆ ಬಾಡಿಗೆಯ ರಾತ್ರಿಗಳಲ್ಲಿ ಮೊದಲ ಬಾರಿಗೆ ಸಾಧ್ಯವಾಯಿತು. ಅದಕ್ಕೆ ಮುಂಚೆ ಆಯ್ಕೆ ಟಾಕೀಸಿನ ಮಾಲೀಕನದು, ಇಲ್ಲವೇ ದೂರದರ್ಶನದ ಅಧಿಕಾರಿಯದು.

ಈ ಬಾಡಿಗೆ ವ್ಯವಹಾರದ ಕಾನೂನು ಅಮೆರಿಕದಲ್ಲಿ ಒಂದು ಬಗೆ, ಭಾರತದಲ್ಲಿ ಇನ್ನೊಂದು ಬಗೆ. ಅಮೆರಿಕದ ಕಾನೂನಿನಂತೆ ಹಕ್ಕುದಾರನಿಂದ ಒಮ್ಮೆ ಮಾರಾಟವಾದ ಕ್ಯಾಸೆಟ್ಟನ್ನೋ ಡಿ.ವಿ.ಡಿ.ಯನ್ನೋ ಕೊಂಡವನು ಅದನ್ನು ಬಾಡಿಗೆಗೆ ಕೊಡಲು ಮತ್ತೆ ಅನುಮತಿ ಕೇಳಬೇಕಿಲ್ಲ. 1998ರಲ್ಲಿ ಅಂಚೆಯ ಮೂಲಕ ಡಿ.ವಿ.ಡಿ. ಬಾಡಿಗೆ ಆರಂಭಿಸಿದ ನೆಟ್‌ಫ್ಲಿಕ್ಸ್ ಮಾರುಕಟ್ಟೆಯಲ್ಲಿದ್ದ ಯಾವ ಹಳೆಯ ಚಿತ್ರವನ್ನಾದರೂ ತನ್ನ ಪಟ್ಟಿಗೆ ಸೇರಿಸಿಕೊಳ್ಳಲು ಸಾಧ್ಯವಾದದ್ದು ಈ ತತ್ತ್ವದಿಂದ. 2007ರಲ್ಲಿ ಅದು ಸ್ಟ್ರೀಮಿಂಗಿಗೆ ಇಳಿದಾಗ ಈ ಅನುಕೂಲ ತಪ್ಪಿತು, ಯಾಕೆಂದರೆ ಸ್ಟ್ರೀಮಿಂಗಿನಲ್ಲಿ ಕೈಬದಲಾಗುವ ವಸ್ತುವೇ ಇಲ್ಲದಿರುವುದರಿಂದ ಪ್ರತಿ ಚಿತ್ರಕ್ಕೂ ಅವಧಿಬದ್ಧ ಪರವಾನಗಿ ಬೇಕು. ತಂತ್ರಜ್ಞಾನ ಮುಂದೆ ಹೋದಂತೆ ಹಳೆಯ ಚಿತ್ರಗಳ ಪಟ್ಟಿ ಕಿರಿದಾದದ್ದು ಹೀಗೆ. 2023ರ ಸೆಪ್ಟೆಂಬರಿನಲ್ಲಿ ಆ ಅಂಚೆ ಸೇವೆ ನಿಂತಾಗ ದುಃಖಿಸಿದವರಲ್ಲಿ ಹಳೆಯ ಚಿತ್ರಗಳ ರಸಿಕರು ಮುಂದಿದ್ದುದು ಸಹಜವೇ.

ಭಾರತದ ಕೃತಿಸ್ವಾಮ್ಯ ಕಾಯಿದೆ, 1994ರ ತಿದ್ದುಪಡಿಯ ನಂತರ, ಚಲನಚಿತ್ರದ ಪ್ರತಿಯನ್ನು ಬಾಡಿಗೆಗೆ ಕೊಡುವ ಹಕ್ಕನ್ನು, ಆ ಪ್ರತಿ ಹಿಂದೆ ಮಾರಾಟವಾಗಿದ್ದರೂ ಸರಿಯೇ, ಹಕ್ಕುದಾರನಲ್ಲೇ ಉಳಿಸಿತು. ವಿದೇಶದಲ್ಲಿ ನ್ಯಾಯವಾಗಿಯೇ ಕೊಂಡು ತಂದ ಡಿ.ವಿ.ಡಿ.ಗಳನ್ನು ಇಲ್ಲಿ ಬಾಡಿಗೆಗೆ ಕೊಡುತ್ತಿದ್ದ ಮಳಿಗೆಯೊಂದರ ವಿರುದ್ಧ ದೆಹಲಿ ಉಚ್ಚ ನ್ಯಾಯಾಲಯ 2009ರಲ್ಲಿ ತೀರ್ಪು ಕೊಟ್ಟದ್ದು ಈ ನಿಯಮದ ಮೇಲೆಯೇ. ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹುಡುಕಿ ತರುವ ಸಣ್ಣ ಬಾಡಿಗೆ ಅಂಗಡಿಗಳಿಗೆ ಈ ನಿಲುವಿನಲ್ಲಿ ಜಾಗವಿರಲಿಲ್ಲ. 2012ರ ತಿದ್ದುಪಡಿ ಒಂದು ಕಿಟಕಿಯನ್ನು ತೆರೆಯಿತು: ಲಾಭದ ಉದ್ದೇಶವಿಲ್ಲದ ಗ್ರಂಥಾಲಯ ಅಥವಾ ಶಿಕ್ಷಣ ಸಂಸ್ಥೆ ತಾನು ನ್ಯಾಯವಾಗಿ ಪಡೆದ ಪ್ರತಿಯನ್ನು ಎರವಲು ಕೊಟ್ಟರೆ ಅದು ‘ವಾಣಿಜ್ಯ ಬಾಡಿಗೆ’ ಅಲ್ಲ. ಪುಸ್ತಕದಂತೆಯೇ ಹಳೆಯ ಕನ್ನಡ ಚಿತ್ರಗಳ ತಟ್ಟೆಗಳನ್ನೂ ಓದುಗರಿಗೆ ಮನೆಗೆ ಕೊಡಲು ಕಾಲೇಜು ಗ್ರಂಥಾಲಯಗಳಿಗೆ ಅಡ್ಡಿಯಿಲ್ಲ ಎಂದಾಯಿತು. ಈ ಅವಕಾಶ ಬಳಕೆಯಾದದ್ದಕ್ಕಿಂತ ಕಪಾಟಿನಲ್ಲಿ ಮಲಗಿದ್ದೇ ಹೆಚ್ಚು.

ಕ್ಯಾಸೆಟ್ಟಿನ ಬಳಿಕ ಕನ್ನಡ ಮನೆಗಳನ್ನು ತುಂಬಿದ್ದು ವಿ.ಸಿ.ಡಿ. ಒಂದು ತಟ್ಟೆಯಲ್ಲಿ 74 ನಿಮಿಷದಷ್ಟು ಚಿತ್ರ ಹಿಡಿಸುತ್ತಿತ್ತು. ಆದ್ದರಿಂದ ಎರಡೂವರೆ ಗಂಟೆಯ ಚಿತ್ರ ಮೂರು ತಟ್ಟೆಗಳಲ್ಲಿ ಬರಬೇಕು, ಇಲ್ಲವೇ ಎರಡಕ್ಕೆ ಹೊಂದುವಂತೆ ಎಲ್ಲಾದರೂ ಕತ್ತರಿ ಬೀಳಬೇಕು. ಚಿತ್ರವನ್ನು ಚುಕ್ಕಿಗಳ ಜಾಲವಾಗಿ ಎಣಿಸುವುದು ಡಿಜಿಟಲ್ ಕ್ರಮ. ವಿ.ಸಿ.ಡಿ.ಯ ಒಂದು ಚೌಕಟ್ಟಿನಲ್ಲಿ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿಗಳಿದ್ದರೆ ಇಂದಿನ ಸಾಮಾನ್ಯ ಎಚ್.ಡಿ. ಪರದೆಯಲ್ಲಿ 1920 ಮತ್ತು 1080 ಚುಕ್ಕಿಗಳಿರುತ್ತವೆ, ಅಂದರೆ ವಿ.ಸಿ.ಡಿ.ಯ ವಿವರ ಎಚ್.ಡಿ.ಯ ಇಪ್ಪತ್ತರಲ್ಲಿ ಒಂದು ಪಾಲು. ಅಂಥ ತಟ್ಟೆಯಿಂದ ಎತ್ತಿಕೊಂಡ ಚಿತ್ರವನ್ನು ಯಂತ್ರದಿಂದ ಹಿಗ್ಗಿಸಿ ‘ಎಚ್.ಡಿ.’ ಎಂಬ ಹಣೆಪಟ್ಟಿ ಹಚ್ಚಿದರೆ ಚುಕ್ಕಿಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಕಳೆದುಹೋದ ವಿವರ ಮರಳುವುದಿಲ್ಲ. ಮುಖಗಳು ಮೇಣದಂತೆ ನಯವಾಗಿ, ಕಣ್ಣಂಚಿನ ಗೆರೆಗಳೆಲ್ಲ ಅಳಿಸಿಹೋಗಿ ಕಾಣುವುದು ಇದರ ಗುರುತು.

ಕಿವಿಗೆ ಸಂಬಂಧಿಸಿದ ಒಂದು ವ್ಯತ್ಯಾಸವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಚಿತ್ರಮಂದಿರದಲ್ಲಿ ಫಿಲ್ಮು ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ ಓಡಿದರೆ, ಭಾರತದ ಟೆಲಿವಿಷನ್ ಅನುಸರಿಸಿದ ಪದ್ಧತಿಯಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳು. ಚಿತ್ರವನ್ನು ಟೇಪಿಗೆ ಇಳಿಸುವಾಗ ಒಂದಕ್ಕೊಂದು ಹೊಂದಿಸಿ ಕೊಂಚ ವೇಗವಾಗಿ ಓಡಿಸುವುದೇ ರೂಢಿಯಾದ್ದರಿಂದ 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ, ಮತ್ತು ದನಿಯನ್ನು ಬೇರೆಯಾಗಿ ಸರಿಪಡಿಸದಿದ್ದರೆ ಹಾಡುಗಳ ಶ್ರುತಿ ಹಾರ್ಮೋನಿಯಂನ ಒಂದು ಮನೆಯ ಮುಕ್ಕಾಲು ಭಾಗದ ಹತ್ತಿರ ಏರುತ್ತದೆ. ಪಿ.ಬಿ. ಶ್ರೀನಿವಾಸ್ ಅವರ ಕಂಠ ಧ್ವನಿಮುದ್ರಿಕೆಯಲ್ಲಿ ಒಂದು ಬಗೆಯಾಗಿಯೂ ಟಿ.ವಿ. ಪ್ರತಿಯಲ್ಲಿ ತುಸು ತೆಳುವಾಗಿಯೂ ಕೇಳಿಸಿದರೆ ಅದು ಕೇಳುಗನ ಭ್ರಮೆಯಾಗಿರಬೇಕಿಲ್ಲ.

ಚೌಕಟ್ಟಿನ ಆಕಾರದ ವಿಷಯ ಇನ್ನೂ ಗಂಭೀರವಾದದ್ದು. ಪರದೆಯ ಅಗಲಕ್ಕೂ ಎತ್ತರಕ್ಕೂ ಇರುವ ಸಂಬಂಧವನ್ನು ಅನುಪಾತ ಎನ್ನುತ್ತಾರೆ. ಹಳೆಯ ಚಿತ್ರಗಳಲ್ಲೂ ಹಳೆಯ ಟಿ.ವಿ.ಯಲ್ಲೂ ಎತ್ತರ ಮೂರು ಪಾಲಾದರೆ ಅಗಲ ಸುಮಾರು ನಾಲ್ಕು ಪಾಲು. ಸಿನಿಮಾಸ್ಕೋಪಿನಲ್ಲಿ ಅಗಲ ಎತ್ತರದ ಎರಡೂಕಾಲು ಪಟ್ಟಿಗಿಂತ ಹೆಚ್ಚು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವೆನಿಸಿದ ಗುರುದತ್ತರ ‘ಕಾಗಜ್ ಕೆ ಫೂಲ್’ (1959) ಮೈಸೂರಿನವರಾದ ವಿ.ಕೆ. ಮೂರ್ತಿಯವರ ಛಾಯಾಗ್ರಹಣದಲ್ಲಿ ಮೂಡಿದ್ದು. ಬರಿದಾದ ಸ್ಟುಡಿಯೋದ ಕತ್ತಲೆಯನ್ನು ಸೀಳಿಕೊಂಡು ಇಳಿಯುವ ಬೆಳಕಿನ ಕಂಬವನ್ನು ಅವರು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಗೆ ಹಾಯಿಸಿ ಸಾಧಿಸಿದರು. ಆ ಬೆಳಕಿನ ಎರಡೂ ಬದಿಗೆ ಹಬ್ಬಿಕೊಂಡ ಕತ್ತಲೆಯ ವಿಸ್ತಾರದಲ್ಲಿ ಇಬ್ಬರು ಒಬ್ಬರಿಂದೊಬ್ಬರು ದೂರ ನಿಂತಿರುವುದೇ ಆ ದೃಶ್ಯದ ಅರ್ಥ. ಇಂಥ ಚಿತ್ರವನ್ನು ಹಳೆಯ ಚೌಕ ಟಿ.ವಿ.ಗೆ ಹೊಂದುವಂತೆ ಪಕ್ಕಗಳನ್ನು ಕತ್ತರಿಸಿದರೆ ಐದರಲ್ಲಿ ಎರಡು ಪಾಲಿಗೂ ಹೆಚ್ಚು ಚಿತ್ರ ಹೋಗುತ್ತದೆ, ಅದರೊಂದಿಗೆ ಆ ದೂರವೂ ಹೋಗುತ್ತದೆ. ಇಂದಿನ ಅಗಲ ಟಿ.ವಿ.ಗಳ ಕಾಲದಲ್ಲಿ ನಡೆಯುವುದು ತದ್ವಿರುದ್ಧ ಅಪಚಾರ. ಚೌಕಾಕಾರದ ಹಳೆಯ ಕನ್ನಡ ಚಿತ್ರವನ್ನು ಪರದೆ ತುಂಬಲಿ ಎಂದು ಮೇಲೂ ಕೆಳಗೂ ಸೇರಿ ಕಾಲು ಭಾಗದ ಹತ್ತಿರ ಕತ್ತರಿಸುವುದೋ, ಇಲ್ಲವೇ ಅಡ್ಡಕ್ಕೆ ಎಳೆದು ರಾಜಕುಮಾರ್ ಅವರನ್ನು ಹಾಸ್ಯನಟ ನರಸಿಂಹರಾಜು ಅವರಷ್ಟು ಗಿಡ್ಡವಾಗಿಸುವುದೋ ನಡೆಯುತ್ತದೆ. ಎರಡನೆಯ ದೋಷವನ್ನು ನೋಡುವವರೇ ರಿಮೋಟಿನಲ್ಲಿ ಚಿತ್ರದ ಆಕಾರವನ್ನು 4:3ಕ್ಕೆ ಬದಲಿಸಿ ಸರಿಪಡಿಸಿಕೊಳ್ಳಬಹುದು, ಮೊದಲನೆಯದಕ್ಕೆ ಮದ್ದಿಲ್ಲ.

ಬಣ್ಣ ಹಚ್ಚುವ ಕೆಲಸದ ಬಗ್ಗೆ ರಸಿಕರಲ್ಲೇ ಒಮ್ಮತವಿಲ್ಲ. ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿಯೂ, ದೊರೆ–ಭಗವಾನ್ ಜೋಡಿಯ 1971ರ ‘ಕಸ್ತೂರಿ ನಿವಾಸ’ 2014ರಲ್ಲಿಯೂ ಡಿಜಿಟಲ್ ಬಣ್ಣ ತೊಟ್ಟು ಮತ್ತೆ ತೆರೆಕಂಡು ಹೊಸ ಪ್ರೇಕ್ಷಕರನ್ನು ಸೆಳೆದದ್ದು ನಿಜ. ಆದರೆ ಕಪ್ಪು–ಬಿಳುಪು ಚಿತ್ರಕ್ಕೆ ಬೆಳಕನ್ನೂ ಬಟ್ಟೆಯನ್ನೂ ಮುಖದ ಬಣ್ಣವನ್ನೂ ಆರಿಸುವವರು ಬೂದು ಛಾಯೆಗಳ ಏರಿಳಿತವನ್ನು ಮನಸ್ಸಿನಲ್ಲಿಟ್ಟುಕೊಂಡೇ ಆರಿಸಿರುತ್ತಾರೆ; ಸ್ಮಶಾನದ ದೃಶ್ಯದಲ್ಲಿ ಹೊಗೆ, ಬೂದಿ, ಕತ್ತಲೆಗಳು ಮಾಡುವ ಕೆಲಸವನ್ನು ಮೇಲಿನಿಂದ ಹಚ್ಚಿದ ನೀಲಿ–ಕೇಸರಿಗಳು ಮಾಡಲಾರವು. ಬಣ್ಣದ ಪ್ರತಿ ಇರಲಿ, ಅದು ಒಂದು ವ್ಯಾಖ್ಯಾನ. ಅದರ ಪಕ್ಕದಲ್ಲಿ ಮೂಲವೂ ಸಿಗುವಂತಿರಬೇಕು.

ಇವೆಲ್ಲಕ್ಕೂ ಬೇರೆಯಾದ ದಾರಿ ಪುನರುಜ್ಜೀವನದ್ದು. ಉಳಿದಿರುವ ನೆಗೆಟಿವನ್ನೇ ಹುಡುಕಿ, ಶುಚಿಗೊಳಿಸಿ, ಹರಿದಲ್ಲಿ ಕೂಡಿಸಿ, ಚೌಕಟ್ಟು ಚೌಕಟ್ಟಾಗಿ ಸ್ಕ್ಯಾನ್ ಮಾಡಿ, ಗೀರು, ಅಲುಗಾಟಗಳನ್ನು ನಿವಾರಿಸಿ, ನಿರ್ದೇಶಕ ಅಥವಾ ಛಾಯಾಗ್ರಾಹಕರ ಅಭಿಪ್ರಾಯದಂತೆ ಬೆಳಕಿನ ಹದವನ್ನು ಮರಳಿಸುವ ಕ್ರಮವಿದು. ಸತ್ಯಜಿತ್ ರೇ ಅವರ ‘ಪಥೇರ್ ಪಾಂಚಾಲಿ’ಯ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬೊಂದರ ಬೆಂಕಿಯಲ್ಲಿ ಸುಟ್ಟಿತ್ತು, ಸುಟ್ಟ ರೀಲುಗಳಿಂದಲೇ ಸಾಧ್ಯವಾದಷ್ಟನ್ನು ಬಿಡಿಸಿ ತೆಗೆದು ಕಟ್ಟಿದ ಪ್ರತಿ 2015ರಲ್ಲಿ ಹೊರಬಂತು. ಕನ್ನಡದ ಮಟ್ಟಿಗೆ ದೊಡ್ಡ ಘಟನೆ ‘ಘಟಶ್ರಾದ್ಧ’ದ್ದು. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 1977ರಲ್ಲಿ ನಿರ್ದೇಶಿಸಿದ, ಎಸ್. ರಾಮಚಂದ್ರ ಛಾಯಾಗ್ರಹಣದ, ಸ್ವರ್ಣಕಮಲ ಪಡೆದ ಈ ಚಿತ್ರವನ್ನು ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಮಾರ್ಟಿನ್ ಸ್ಕೋರ್ಸೆಸಿ ಸ್ಥಾಪಿಸಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಜೊತೆಗೂಡಿ ಪುನರುಜ್ಜೀವನಗೊಳಿಸಿತು. 2024ರಲ್ಲಿ ವೆನಿಸ್ ಚಿತ್ರೋತ್ಸವದ ಹಳೆಯ ಶ್ರೇಷ್ಠ ಚಿತ್ರಗಳ ವಿಭಾಗದಲ್ಲಿ ಅದು ಪ್ರದರ್ಶನವಾಯಿತು. ಚಿತ್ರದ ನಾಯಕಿ ಯಮುನಕ್ಕನ ಮನೆಯ ಒಳಗತ್ತಲೆ ಮಸುಕು ಟೇಪಿನಲ್ಲಿ ಬರೀ ಕಪ್ಪು ಮುದ್ದೆಯಾಗುತ್ತದೆ. ಆ ಕತ್ತಲೆಗೆ ಒಳಪದರಗಳಿವೆ ಎಂಬುದು ನೆಗೆಟಿವಿನಿಂದ ಬಂದ ಪ್ರತಿಯಲ್ಲಷ್ಟೇ ತಿಳಿಯಬಲ್ಲದು. ಟೇಪಿನಲ್ಲಿ ನೋಡಿ ಛಾಯಾಗ್ರಹಣದ ಬಗ್ಗೆ ಬರೆದ ಮಾತುಗಳನ್ನು ವಿಮರ್ಶಕರು ಇನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ನೆಗೆಟಿವ್ ಇದ್ದೂ ಚಿತ್ರ ಮನೆಗೆ ಬಾರದಿದ್ದರೆ ಕಾರಣ ಹಕ್ಕಿನ ಗೊಂದಲ. ಭಾರತದಲ್ಲಿ ಚಲನಚಿತ್ರದ ಕೃತಿಸ್ವಾಮ್ಯ ಬಿಡುಗಡೆಯ ಮರುವರ್ಷದ ಆರಂಭದಿಂದ 60 ವರ್ಷ. 1964ರ ‘ಅಮರಶಿಲ್ಪಿ ಜಕಣಾಚಾರಿ’, ‘ನಾಂದಿ’ಗಳ ಅವಧಿ 2024ರ ಕೊನೆಗೆ ಮುಗಿಯಿತು, 1965ರ ಚಿತ್ರಗಳದು 2025ರ ಕೊನೆಗೆ. ಹಾಗೆಂದು ಎಲ್ಲವೂ ಬಿಡುಗಡೆಯಾದಂತಲ್ಲ: ಚಿತ್ರದೊಳಗಿನ ಕಥೆ, ಗೀತೆ, ಸಂಗೀತಗಳಿಗೆ ಕರ್ತೃವಿನ ಮರಣಾನಂತರ 60 ವರ್ಷಗಳ ಪ್ರತ್ಯೇಕ ಸ್ವಾಮ್ಯವಿರಬಹುದು. ಅವಧಿ ಮುಗಿಯದ ಚಿತ್ರಗಳಲ್ಲಿ ತೊಡಕು ಬೇರೆ. ಪ್ರದೇಶವಾರು, ವರ್ಷವಾರು ಹಂಚಿಕೆಗೆ ಬರೆದ ಹಳೆಯ ಕರಾರುಗಳಲ್ಲಿ ವಿಡಿಯೋ, ಉಪಗ್ರಹ, ಅಂತರಜಾಲ ಎಂಬ ಮಾತುಗಳೇ ಇಲ್ಲ. ಮುಂದೆ ಒಬ್ಬರು ವಿಡಿಯೋ ಹಕ್ಕನ್ನು, ಮತ್ತೊಬ್ಬರು ಸ್ಯಾಟಲೈಟ್ ಹಕ್ಕನ್ನು ಕೊಂಡರು, ಡಿಜಿಟಲ್ ಹಕ್ಕು ಯಾರದೆಂದು ನಿರ್ಮಾಪಕರ ಮಕ್ಕಳ ನಡುವೆಯೇ ವ್ಯಾಜ್ಯವಾಗಬಹುದು. ಕರಾರಿನ ಕಾಲದಲ್ಲಿ ಇರದಿದ್ದ ಮಾಧ್ಯಮಕ್ಕೆ, ಅದನ್ನು ಸ್ಪಷ್ಟವಾಗಿ ಹೆಸರಿಸದೆ ಹಕ್ಕು ವರ್ಗವಾಗದು ಎಂದು 2012ರ ತಿದ್ದುಪಡಿ ಹೇಳಿತು, ಆದರೆ ಅದಕ್ಕೂ ಹಿಂದಿನ ಕಾಗದಗಳ ರಾಶಿ ಹಾಗೆಯೇ ಇದೆ. ಸ್ಟ್ರೀಮಿಂಗ್ ಸಂಸ್ಥೆಯೊಂದು ಇಂಥ ಚಿತ್ರವನ್ನು ಮುಟ್ಟದಿರುವುದು ಅರಸಿಕತೆಯಿಂದಲ್ಲ, ವಕೀಲರ ಸಲಹೆಯಿಂದ.

ಟೆಲಿವಿಷನ್ನಿನ ಹಳೆಯ ಕಾರ್ಯಕ್ರಮಗಳ ಸ್ಥಿತಿ ಇನ್ನೂ ನಾಜೂಕು. ಟೇಪಿನ ಮೇಲೆ ಚಿತ್ರಿಸಿದ ಧಾರಾವಾಹಿಗೆ ಟೇಪೇ ಮೂಲ. ಫಿಲ್ಮಿನಂತೆ ಮತ್ತೆ ಸ್ಕ್ಯಾನ್ ಮಾಡಿ ಹೆಚ್ಚಿನ ವಿವರ ಪಡೆಯುವ ದಾರಿಯಿಲ್ಲ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಪ್ರಸಾರವಾದದ್ದನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಮುದ್ರಿಸುವುದು ಎಲ್ಲೆಡೆ ನಡೆಯಿತು. ಬ್ರಿಟನ್ನಿನ ಬಿ.ಬಿ.ಸಿ. ತನ್ನ ‘ಡಾಕ್ಟರ್ ಹೂ’ ಧಾರಾವಾಹಿಯ 1960ರ ದಶಕದ ಕಂತುಗಳಲ್ಲಿ ತೊಂಬತ್ತಕ್ಕೂ ಹೆಚ್ಚನ್ನು ಹೀಗೆ ಕಳೆದುಕೊಂಡಿತು. ಆದರೆ ಮನೆಗಳಲ್ಲಿ ಅಭಿಮಾನಿಗಳು ಟಿ.ವಿ.ಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಧ್ವನಿಯನ್ನು ಹಿಡಿದಿಟ್ಟಿದ್ದರಿಂದ ಕಳೆದುಹೋದ ಕಂತುಗಳೆಲ್ಲದರ ಮಾತು ಇಂದಿಗೂ ಕೇಳಸಿಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ಫ್ರಾನ್ಸ್ 1992ರಲ್ಲಿ ಕಾನೂನು ಮಾಡಿ ರೇಡಿಯೋ, ಟೆಲಿವಿಷನ್ ಪ್ರಸಾರಗಳನ್ನೂ ಪುಸ್ತಕದಂತೆ ಕಡ್ಡಾಯ ಸಲ್ಲಿಕೆಗೆ ಒಳಪಡಿಸಿತು.

ಭಾರತದಲ್ಲಿ ಹಳೆಯ ಕಾರ್ಯಕ್ರಮಗಳ ಬೆಲೆ ಏಕಾಏಕಿ ಮನವರಿಕೆಯಾದದ್ದು 2020ರ ಲಾಕ್‌ಡೌನಿನಲ್ಲಿ. 1987ರಲ್ಲಿ ಆರಂಭವಾಗಿದ್ದ ‘ರಾಮಾಯಣ’ವನ್ನು ದೂರದರ್ಶನ ಮಾರ್ಚ್ 28ರಿಂದ ಮತ್ತೆ ಪ್ರಸಾರ ಮಾಡಿತು, ಮರುತಿಂಗಳು ಹಳೆಯ ಧಾರಾವಾಹಿಗಳಿಗೆಂದೇ ಡಿ.ಡಿ. ರೆಟ್ರೋ ವಾಹಿನಿ ಹುಟ್ಟಿತು; 2024ರ ನವೆಂಬರಿನಲ್ಲಿ ಪ್ರಸಾರ ಭಾರತಿ ‘ವೇವ್ಸ್’ ಎಂಬ ತನ್ನದೇ ಸ್ಟ್ರೀಮಿಂಗ್ ವೇದಿಕೆಯನ್ನು ತೆರೆಯಿತು. ಕನ್ನಡದಲ್ಲಿ ಇದಕ್ಕಿಂತ ಕುತೂಹಲಕರವಾದದ್ದು ಸದಾನಂದ ಸುವರ್ಣ ನಿರ್ದೇಶನದ ‘ಗುಡ್ಡದ ಭೂತ’ದ ಮರುಹುಟ್ಟು. ಪ್ರಕಾಶ್ ರೈ ಆರಂಭದ ದಿನಗಳಲ್ಲಿ ನಟಿಸಿದ, ಕರಾವಳಿಯ ಈ ಕಿರು ಧಾರಾವಾಹಿಯ ಶೀರ್ಷಿಕೆ ಗೀತೆಯನ್ನು 2015ರ ‘ರಂಗಿತರಂಗ’ ಮತ್ತೆ ಬಳಸಿಕೊಂಡಾಗ, ಅದರ ಪ್ರಸಾರಕಾಲದಲ್ಲಿ ಹುಟ್ಟಿಯೇ ಇರದವರು ಯೂಟ್ಯೂಬಿನಲ್ಲಿ ಕಂತುಗಳನ್ನು ಹುಡುಕಿ ನೋಡಿದರು. ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಹಿಂದಿಯಲ್ಲಿದ್ದೂ ಕನ್ನಡ ಮನೆಗಳದೇ ಆಸ್ತಿಯಾಗಿರುವುದಕ್ಕೆ ಅದರ ಮನೆ, ಮಳೆ, ಮುಖಗಳೆಲ್ಲ ಇಲ್ಲಿಯವೇ ಆಗಿರುವುದು ಕಾರಣ. ಪರದೇಶಗಳಲ್ಲಿ ಬೆಳೆಯುತ್ತಿರುವ ಕನ್ನಡ ಮಕ್ಕಳಿಗೆ ಮಲೆನಾಡು ಮೊದಲು ಕಾಣಿಸುವುದು ಅದರಲ್ಲಾದರೆ ಆಶ್ಚರ್ಯವಿಲ್ಲ. ಅದೇ ಮಕ್ಕಳಿಗೆ ಹಳೆಯ ಕನ್ನಡ ಚಿತ್ರಗಳನ್ನು ತೋರಿಸಹೋದರೆ ಎದುರಾಗುವ ಕೊರತೆ ಉಪಶೀರ್ಷಿಕೆಯದು. ಚಿತ್ರೋತ್ಸವಕ್ಕೆ ಹೋದ ಚಿತ್ರಗಳಿಗಿರುವ ಉಪಶೀರ್ಷಿಕೆ ಜನಪ್ರಿಯ ಚಿತ್ರಗಳಿಗೆ ಅಪರೂಪ.

ಸಾರ್ವಜನಿಕ ಸಂಗ್ರಹಗಳಲ್ಲಿ ಸಿಗದ ಕನ್ನಡ ಟಿ.ವಿ. ನಾಟಕ, ಸಂದರ್ಶನ, ಸಂಗೀತ ಕಾರ್ಯಕ್ರಮಗಳು ಕೆಲವು ಮನೆಗಳ ಟ್ರಂಕುಗಳಲ್ಲಿ, ಮದುವೆ ಕ್ಯಾಸೆಟ್ಟುಗಳ ಜೊತೆಗೆ ಇರುವ ಸಾಧ್ಯತೆ ಇದೆ. ಅವನ್ನು ಓಡಿಸುವ ಯಂತ್ರಗಳೇ ಈಗ ವಿರಳ, ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಸಂಸ್ಥೆಯಾದ ಜಪಾನಿನ ಫುನಾಯ್ 2016ರ ಜುಲೈಯಲ್ಲಿ ತಯಾರಿಕೆ ನಿಲ್ಲಿಸಿತು. ಟೇಪಿನ ಅಂಚಿನಲ್ಲಿ ಬಿಳಿಯ ಬೂಸು ಕಂಡರೆ ಅದನ್ನು ನೇರವಾಗಿ ಯಂತ್ರಕ್ಕೆ ಹಾಕಬಾರದು, ಹಾಕಿದರೆ ಹೆಡ್ಡು ಕೆಡುವುದಲ್ಲದೆ ಮುಂದೆ ಹಾಕುವ ಕ್ಯಾಸೆಟ್ಟಿಗೂ ಬೂಸು ಹರಡುತ್ತದೆ. ಮೊದಲು ಟೇಪನ್ನು ಒಣಜಾಗದಲ್ಲಿಟ್ಟು, ತಿಳಿದವರಿಂದ ಶುಚಿಗೊಳಿಸಿ, ಆ ಬಳಿಕ ಒಂದೇ ಬಾರಿ ಓಡಿಸುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು, ನಡುವಿನ ಜಾಹೀರಾತುಗಳನ್ನೂ ಉದ್ಘೋಷಕಿಯ ಮಾತನ್ನೂ ಕತ್ತರಿಸದೆ, ಯಾಕೆಂದರೆ ಪ್ರಸಾರದ ಕಾಲವನ್ನು ಗುರುತಿಸಲು ಹಲವು ಬಾರಿ ಅವೇ ಉಳಿದಿರುವ ಆಧಾರ.